ಎಚ್‌ಬಾರ್ ಒಂದು, ಸಿ ಒಂದು: ಯಾವ ಲೆಕ್ಕಕ್ಕೆ ಯಾವ ಏಕಮಾನ?

ಎಲೆಕ್ಟ್ರಾನಿನಂಥದೇ ಆದರೆ ಅದಕ್ಕಿಂತ ಭಾರದ ಕಣ ಮ್ಯೂಯಾನ್ ಎಷ್ಟು ಹೊತ್ತು ಬದುಕುತ್ತದೆ ಎಂದು ಎಂ.ಎಸ್ಸಿ. ಮಕ್ಕಳಿಂದ ಮೊದಲ ಸಲ ಲೆಕ್ಕ ಹಾಕಿಸುವಾಗ ಪ್ರತಿ ವರ್ಷವೂ ಒಂದೇ ಜಾಗದಲ್ಲಿ ಪೆನ್ನು ನಿಲ್ಲುತ್ತದೆ. ಕ್ಷಯದ ದರದ ಸೂತ್ರ ಬೋರ್ಡಿನ ಮೇಲಿದೆ: ದುರ್ಬಲ ಬಲದ ಅಳತೆಯಾದ ಫರ್ಮಿ ಸ್ಥಿರಾಂಕದ ವರ್ಗವನ್ನು ಮ್ಯೂಯಾನ್ ದ್ರವ್ಯರಾಶಿಯ ಐದನೇ ಘಾತದಿಂದ ಗುಣಿಸಿ, 192 × ಪೈ³ ರಿಂದ ಭಾಗಿಸಬೇಕು. ಫರ್ಮಿ ಸ್ಥಿರಾಂಕ 1.166 × 10⁻⁵ ಜಿಇವಿ⁻², ದ್ರವ್ಯರಾಶಿ 0.10566 ಜಿಇವಿ (ಜಿಇವಿ ಅಂದರೆ ನೂರು ಕೋಟಿ ಎಲೆಕ್ಟ್ರಾನ್-ವೋಲ್ಟ್, ಶಕ್ತಿಯ ಅಳತೆ). ಉತ್ತರ 3.01 × 10⁻¹⁹ ಜಿಇವಿ ಎಂದು ಬರುತ್ತದೆ. "ಸರ್, ಆಯಸ್ಸು ಕೇಳಿದ್ರೆ ಜಿಇವಿ ಬಂತಲ್ಲ?"

ಬರಬೇಕಾದದ್ದೇ ಅದು. ಎಚ್‌ಬಾರ್, ಬೆಳಕಿನ ವೇಗ ಸಿ ಎರಡನ್ನೂ ಒಂದು ಎಂದಿಟ್ಟ ನೈಸರ್ಗಿಕ ಏಕಮಾನದ ಲೆಕ್ಕ ಇದು. ಎಚ್‌ಬಾರ್ ಅಂದರೆ ಪ್ಲಾಂಕ್ ಸ್ಥಿರಾಂಕ ಎಚ್ ಅನ್ನು 2 ಪೈನಿಂದ ಭಾಗಿಸಿದ್ದು, ಬೆಲೆ 6.582 × 10⁻²⁵ ಜಿಇವಿ-ಸೆಕೆಂಡ್. ಅದನ್ನು ಈ ಉತ್ತರದಿಂದ ಭಾಗಿಸಿದರೆ 2.19 × 10⁻⁶ ಸೆಕೆಂಡ್. ಪ್ರಯೋಗದಲ್ಲಿ ಅಳೆದ ಆಯಸ್ಸು 2.197 ಮೈಕ್ರೋಸೆಕೆಂಡ್. ಒಂದೇ ಒಂದು ಭಾಗಾಕಾರದಲ್ಲಿ ಕಾಗದದ ಲೆಕ್ಕ ಗಡಿಯಾರದ ಪಕ್ಕಕ್ಕೆ ಬಂದು ನಿಂತಿತು.

ಇದೇ ಲೆಕ್ಕವನ್ನು ಎಸ್‌ಐ (ಮೀಟರ್, ಕಿಲೋಗ್ರಾಂ, ಸೆಕೆಂಡ್) ಏಕಮಾನದಲ್ಲಿ ಹಾಕಲು ಹೊರಟರೆ ಸೂತ್ರದ ಮೇಲ್ಭಾಗದಲ್ಲಿ ಬೆಳಕಿನ ವೇಗದ ನಾಲ್ಕನೇ ಘಾತ, ಕೆಳಗೆ ಎಚ್‌ಬಾರ್‌ನ ಏಳನೇ ಘಾತ ಬಂದು ಕೂರುತ್ತವೆ. 1.0546 × 10⁻³⁴ ರ ಏಳನೇ ಘಾತ ಅಂದರೆ ಸುಮಾರು 10⁻²³⁸. ಪರೀಕ್ಷೆಗೆ ಒಯ್ಯುವ ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ 10⁻⁹⁹ ರ ಕೆಳಗೆ ಹೋಗುವುದಿಲ್ಲ. ಎಚ್‌ಬಾರ್ ಅನ್ನು ಮೂರನೇ ಸಲ ಗುಣಿಸುತ್ತಿದ್ದಂತೆ ಪರದೆಯಲ್ಲಿ ಸೊನ್ನೆ. ಸೊನ್ನೆಯಿಂದ ಭಾಗಿಸಿದಾಗ ಎರರ್. ಭೌತಶಾಸ್ತ್ರ ಎಲ್ಲೂ ತಪ್ಪಿಲ್ಲ, ಲೆಕ್ಕ ಮಾತ್ರ ಮುಂದೆ ಹೋಗುವುದಿಲ್ಲ.

ಹಾಗಂತ ಎಸ್‌ಐ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಏಕಮಾನ ಆರಿಸುವಾಗ ಕೇಳಿಕೊಳ್ಳಬೇಕಾದ್ದು ಎರಡೇ ಪ್ರಶ್ನೆ. ಬಂದ ಉತ್ತರವನ್ನು ಕೊನೆಗೆ ಯಾವುದರ ಪಕ್ಕ ಇಟ್ಟು ನೋಡುತ್ತೀರಿ? ದಾರಿಯಲ್ಲಿ ಮಾಡಿದ ತಪ್ಪು ಈ ಪದ್ಧತಿಯಲ್ಲಿ ಸಿಕ್ಕಿಬೀಳುತ್ತದೆಯೇ, ಇಲ್ಲ ಸದ್ದಿಲ್ಲದೆ ಉತ್ತರದೊಳಗೆ ಸೇರಿಕೊಳ್ಳುತ್ತದೆಯೇ? ಎರಡನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ.

ಒಂದು ಅಂದರೆ ಏನು ಒಂದು?

"ತೋಟ ಇಲ್ಲಿಂದ ಅರ್ಧ ಗಂಟೆ ದಾರಿ" ಎನ್ನುವವರು ದೂರವನ್ನು ಕಾಲದಲ್ಲಿ ಹೇಳುತ್ತಿದ್ದಾರೆ. ನಡಿಗೆಯ ವೇಗ ಇಬ್ಬರಿಗೂ ಗೊತ್ತಿರುವುದರಿಂದ ಯಾರೂ ತಬ್ಬಿಬ್ಬಾಗುವುದಿಲ್ಲ. ಸಿ = 1 ಎಂದಾಗ ಆಗುವುದೂ ಇಷ್ಟೇ. ಬೆಳಕಿನ ವೇಗ ಎಲ್ಲರಿಗೂ ಒಂದೇ ಆಗಿರುವುದರಿಂದ ದೂರ, ಕಾಲ ಎರಡಕ್ಕೂ ಒಂದೇ ಅಳತೆಗೋಲು ಸಾಕು. ಎಚ್‌ಬಾರ್ = 1 ಎಂದಾಗ ಕಾಲ ಮತ್ತು ಶಕ್ತಿ ಒಂದಕ್ಕೊಂದು ವಿಲೋಮವಾಗಿ ಕಟ್ಟುಬೀಳುತ್ತವೆ. ಕೊನೆಗೆ ಉಳಿಯುವುದು ಶಕ್ತಿ ಒಂದೇ, ಕಣಭೌತದಲ್ಲಿ ಅದನ್ನು ಜಿಇವಿಯಲ್ಲಿ ಅಳೆಯುತ್ತೇವೆ.

ಆಮೇಲೆ ಪ್ರತಿ ರಾಶಿಗೂ ಒಂದೇ ಗುರುತು: ಅದು ಶಕ್ತಿಯ ಎಷ್ಟನೇ ಘಾತ? ದ್ರವ್ಯರಾಶಿ, ಸಂವೇಗ, ಕ್ಷಯದ ದರ, ಎಲ್ಲವೂ +1. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನೂ ಒಂದು ಮಾಡಿದರೆ ತಾಪಮಾನವೂ +1. ಉದ್ದ, ಕಾಲ −1. ಕ್ರಾಸ್ ಸೆಕ್ಷನ್ (ಡಿಕ್ಕಿಯ ಸಂಭವವನ್ನು ಕ್ಷೇತ್ರಫಲವಾಗಿ ಅಳೆದದ್ದು) −2. ಕಾಂತಕ್ಷೇತ್ರ +2, ಶಕ್ತಿಸಾಂದ್ರತೆ +4. ವೇಗ, ಕೋನ ಸಂವೇಗ, ವಿದ್ಯುದಾವೇಶ ಸೊನ್ನೆ, ಅಂದರೆ ಬರೀ ಸಂಖ್ಯೆಗಳು.

ಮ್ಯೂಯಾನ್ ಸೂತ್ರದಲ್ಲಿ ಐದನೇ ಘಾತ ಎಲ್ಲಿಂದ ಬಂತು ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಫರ್ಮಿ ಸ್ಥಿರಾಂಕ −2, ಅದರ ವರ್ಗ −4. ಕ್ಷಯದ ದರ +1 ಆಗಬೇಕು. ಕೈಯಲ್ಲಿರುವ ಇನ್ನೊಂದೇ ರಾಶಿ ಮ್ಯೂಯಾನ್ ದ್ರವ್ಯರಾಶಿ. −4 ರಿಂದ +1 ಕ್ಕೆ ಹೋಗಲು ಐದು ಬೇಕು. ಎಸ್‌ಐನಲ್ಲಿ ಇದೇ ಮಾತು ಸಿ ಮತ್ತು ಎಚ್‌ಬಾರ್‌ಗಳ ಸಂದಣಿಯಲ್ಲಿ ಮುಚ್ಚಿಹೋಗಿರುತ್ತದೆ.

ಪರಿವರ್ತನೆಯಲ್ಲಿ ನಿಖರತೆ ಹೋಗುತ್ತದೆ ಎಂಬ ಭಯ ಕೆಲವರಿಗಿದೆ. ಅದು ಬೇಡ. ಬೆಳಕಿನ ವೇಗ ಸೆಕೆಂಡಿಗೆ 299792458 ಮೀಟರ್ ಎಂದು 1983ರಲ್ಲೇ ವ್ಯಾಖ್ಯೆಯಾಗಿ ನಿಂತಿತು. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕ, ಎಲೆಕ್ಟ್ರಾನಿನ ಆವೇಶ, ಬೋಲ್ಟ್ಸ್‌ಮನ್ ಸ್ಥಿರಾಂಕ ಕೂಡ ನಿಗದಿತ ಸಂಖ್ಯೆಗಳು. ಹಾಗಾಗಿ ಜಿಇವಿಯಿಂದ ಸೆಕೆಂಡಿಗೋ ಮೀಟರಿಗೋ ಕೆಲ್ವಿನ್‌ಗೋ ಹೋಗುವ ಗುಣಕಗಳಲ್ಲಿ ಅಳತೆಯ ದೋಷವೇ ಇಲ್ಲ.

ವಾಪಸ್ ಬರುವ ಮೂರು ದಾರಿ

ಮೊದಲನೆಯದು, ಉತ್ತರದಲ್ಲಿ ಎಚ್‌ಬಾರ್‌ಗೆ ಒಂದು ಘಾತ, ಸಿಗೆ ಒಂದು ಘಾತ ಇಟ್ಟು, ದ್ರವ್ಯರಾಶಿ-ಉದ್ದ-ಕಾಲದ ಆಯಾಮಗಳನ್ನು ಹೊಂದಿಸಿ ಬಿಡಿಸುವುದು. ಯಾವ ರಾಶಿ ಬೇಕೆಂದು ಗೊತ್ತಿದ್ದರೆ ಉತ್ತರ ಯಾವಾಗಲೂ ಒಂದೇ ಬರುತ್ತದೆ, ಸಂಶಯಕ್ಕೆ ಎಡೆಯಿಲ್ಲ. ಸೂತ್ರವನ್ನೇ ಎಸ್‌ಐ ರೂಪದಲ್ಲಿ ಪ್ರಕಟಿಸಬೇಕಾದಾಗ ಇದೇ ಸರಿಯಾದ ದಾರಿ. ಬರೀ ಸಂಖ್ಯೆ ಬೇಕಾದಾಗ ಸುತ್ತುದಾರಿ.

ಎರಡನೆಯದು, ಪಟ್ಟಿ ನೋಡಿ ಅಥವಾ ಸಾಫ್ಟ್‌ವೇರ್‌ನಿಂದ ಪರಿವರ್ತಿಸುವುದು. ದೊಡ್ಡ ಪ್ರೋಗ್ರಾಂ ಬರೆಯುವಾಗ ಇದೇ ಒಳ್ಳೆಯದು. ಆದರೆ ಒಂದು ನಿಯಮ ಇಟ್ಟುಕೊಳ್ಳಿ: ಡೇಟಾ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ, ಅಷ್ಟೇ. ನಡುವೆ ಒಂದು ಫಂಕ್ಷನ್ ಉದ್ದಕ್ಕೆ ಫರ್ಮಿಯಲ್ಲಿ, ಇನ್ನೊಂದು ಜಿಇವಿ⁻¹ ನಲ್ಲಿ ಮಾತಾಡತೊಡಗಿದರೆ ತಪ್ಪು ಹುಡುಕುವುದಕ್ಕೆ ವಾರಗಳು ಹೋಗುತ್ತವೆ.

ನಾನು ಕೈಲೆಕ್ಕಕ್ಕೆ ಬಳಸುವುದು, ವಿದ್ಯಾರ್ಥಿಗಳಿಗೂ ಮೊದಲು ಕಲಿಸುವುದು ಮೂರನೆಯದನ್ನು. "ಒಂದರಿಂದ ಗುಣಿಸುವುದು" ಎನ್ನಬಹುದು. ಎಚ್‌ಬಾರ್ × ಸಿ = 197.327 ಎಂಇವಿ-ಫರ್ಮಿ. ಎಂಇವಿ ಅಂದರೆ ಜಿಇವಿಯ ಸಾವಿರದಲ್ಲೊಂದು ಭಾಗ, ಒಂದು ಫರ್ಮಿ ಅಂದರೆ 10⁻¹⁵ ಮೀಟರ್. ನೈಸರ್ಗಿಕ ಏಕಮಾನದಲ್ಲಿ ಈ 197.327 ಎಂಇವಿ-ಫರ್ಮಿಯ ಬೆಲೆ ಒಂದು. ಒಂದರಿಂದ ಎಷ್ಟು ಸಲ ಗುಣಿಸಿದರೂ, ಭಾಗಿಸಿದರೂ ಏನೂ ಕೆಡುವುದಿಲ್ಲ. ಬೇಡದ ಏಕಮಾನ ಹೊಡೆದುಹೋಗುವ ತನಕ ಗುಣಿಸುತ್ತಾ ಹೋಗಿ. ನ್ಯೂಕ್ಲಿಯಸ್ಸಿನ ಬಲ ಹೊರುವ ಕಣ ಪಯಾನ್, ಅದರ ದ್ರವ್ಯರಾಶಿ 139.57 ಎಂಇವಿ. 197.33 ÷ 139.57 = 1.41 ಫರ್ಮಿ. ನ್ಯೂಕ್ಲಿಯಸ್ಸಿನ ಬಲ ಎಷ್ಟು ದೂರ ಎಟುಕುತ್ತದೋ ಅಷ್ಟೇ ಇದು. 1935ರಲ್ಲಿ ಜಪಾನಿನ ಭೌತವಿಜ್ಞಾನಿ ಯುಕಾವಾ ಈ ಸಂಬಂಧವನ್ನು ತಿರುಗಾಮುರುಗಾ ಹಿಡಿದು, ಬಲದ ಹರವಿನಿಂದ ಆಗಿನ್ನೂ ಕಾಣದ ಕಣದ ದ್ರವ್ಯರಾಶಿಯನ್ನು ಅಂದಾಜು ಮಾಡಿದರು. ಅದೇ 197ನ್ನು ದುರ್ಬಲ ಬಲ ಹೊರುವ ಡಬ್ಲ್ಯೂ ಕಣದ 80.4 ಜಿಇವಿಯಿಂದ ಭಾಗಿಸಿದರೆ 0.00245 ಫರ್ಮಿ, ದುರ್ಬಲ ಬಲ ಪ್ರೋಟಾನಿನ ಒಳಗೇ ಮುಗಿದುಹೋಗುವಷ್ಟು ಗಿಡ್ಡ ಏಕೆಂದು ಇಷ್ಟರಲ್ಲೇ ತಿಳಿಯುತ್ತದೆ.

ಕ್ರಾಸ್ ಸೆಕ್ಷನ್‌ಗೆ ಇದೇ ಸಂಖ್ಯೆಯ ವರ್ಗ ಬೇಕು: 0.3894 ಜಿಇವಿ²-ಮಿಲಿಬಾರ್ನ್ (ಬಾರ್ನ್ ಅಂದರೆ ಕ್ರಾಸ್ ಸೆಕ್ಷನ್ ಅಳೆಯುವ ಏಕಮಾನ). ಎಲೆಕ್ಟ್ರಾನ್-ಪಾಸಿಟ್ರಾನ್ ಡಿಕ್ಕಿಯಿಂದ ಮ್ಯೂಯಾನ್ ಜೋಡಿ ಹುಟ್ಟುವುದನ್ನು ತೆಗೆದುಕೊಳ್ಳಿ. ಸೂತ್ರ 4 × ಪೈ × ಆಲ್ಫಾ² ÷ 3ಎಸ್. ಎಸ್ ಅಂದರೆ ಒಟ್ಟು ಶಕ್ತಿಯ ವರ್ಗ. ವಿದ್ಯುತ್ಕಾಂತೀಯ ಬಲದ ಅಳತೆಯಾದ ಆಲ್ಫಾವನ್ನು 1/137.036 ಎಂದು ಹಾಕಿದರೆ 2.23 × 10⁻⁴ ÷ ಎಸ್. ಏಕಮಾನ ಜಿಇವಿ⁻², ಕ್ಷೇತ್ರಫಲಕ್ಕೆ ಸರಿಯಾಗಿ −2. 0.3894 ರಿಂದ ಗುಣಿಸಿ ನ್ಯಾನೋಬಾರ್ನ್‌ಗೆ ತಂದರೆ 86.8 ÷ ಎಸ್. ಒಟ್ಟು ಶಕ್ತಿ 10 ಜಿಇವಿ ಇದ್ದರೆ ಎಸ್ = 100, ಉತ್ತರ 0.868 ನ್ಯಾನೋಬಾರ್ನ್. ಕೊಲೈಡರ್‌ನಲ್ಲಿ ಕೆಲಸ ಮಾಡುವವರಿಗೆ ಈ 86.8 ಬಾಯಿಪಾಠ.

ಇಲ್ಲಿ ಕೈತಪ್ಪುವುದು ಎರಡು ಕಡೆ. ಎಂಇವಿಯ 197 ಮತ್ತು ಜಿಇವಿಯ 0.197 ಅದಲುಬದಲಾದರೆ ಸಾವಿರ ಪಟ್ಟು ತಪ್ಪು, ಕ್ರಾಸ್ ಸೆಕ್ಷನ್‌ನಲ್ಲಿ ಹತ್ತು ಲಕ್ಷ ಪಟ್ಟು. ಇನ್ನೊಂದು, ಗುಣಿಸುವ ಬದಲು ಭಾಗಿಸುವುದು. ಎರಡಕ್ಕೂ ಒಂದೇ ಮದ್ದು: 1 ಜಿಇವಿ⁻¹ ಅಂದರೆ 0.2 ಫರ್ಮಿ, ಪ್ರೋಟಾನಿನ ತ್ರಿಜ್ಯ 0.84 ಫರ್ಮಿಯ ಸುಮಾರು ಕಾಲುಭಾಗ ಎಂಬ ಚಿತ್ರ ತಲೆಯಲ್ಲಿರಲಿ. ಉತ್ತರ ಅದಕ್ಕೆ ಒಪ್ಪುತ್ತದೆಯೇ ನೋಡಿ.

ಆಯಾಮ ಕಾಪಾಡದ ಜಾಗ

ಈಗ ಹೇಳುವುದು ಈ ಬರಹದಲ್ಲಿ ನನಗೆ ಅತಿ ಮುಖ್ಯವಾದ ಮಾತು. ಎಚ್‌ಬಾರ್, ಸಿ ಎಷ್ಟು ಸಲ ಕಳೆದುಹೋದರೂ ಆಯಾಮ ಹಿಡಿದು ಹುಡುಕಿ ತರಬಹುದು. ಆದರೆ 4 ಪೈಗೆ ಆಯಾಮವಿಲ್ಲ. ಅದು ಕಳೆದರೆ ಯಾವ ಆಯಾಮ ವಿಶ್ಲೇಷಣೆಯೂ ತಂದುಕೊಡುವುದಿಲ್ಲ.

ನೈಸರ್ಗಿಕ ಏಕಮಾನ ಎಂಬ ಒಂದೇ ಹೆಸರಿನಡಿ ಎರಡು ಪದ್ಧತಿಗಳಿವೆ. ಹೆವಿಸೈಡ್-ಲೊರೆಂಟ್ಸ್ ಪದ್ಧತಿಯಲ್ಲಿ ಆಲ್ಫಾ = ಇ² ÷ 4 ಪೈ, ಹಾಗಾಗಿ ಎಲೆಕ್ಟ್ರಾನಿನ ಆವೇಶ ಇ 0.303. ಗಾಸಿಯನ್ ಪದ್ಧತಿಯಲ್ಲಿ ಆಲ್ಫಾ = ಇ², ಆವೇಶ 0.0854. ಎರಡರಲ್ಲೂ ಎಚ್‌ಬಾರ್ ಒಂದು, ಸಿ ಒಂದು, ಆವೇಶ ಆಯಾಮವಿಲ್ಲದ ಸಂಖ್ಯೆ. ಒಂದು ಟೆಸ್ಲಾ ಕಾಂತಕ್ಷೇತ್ರ ಮೊದಲನೆಯದರಲ್ಲಿ 195 ಇವಿ², ಎರಡನೆಯದರಲ್ಲಿ 692 ಇವಿ². ಬರೆದವರು ಯಾವುದರಲ್ಲಿ ಬರೆದಿದ್ದಾರೆ ಎಂದು ನೋಡದೆ ಸಂಖ್ಯೆ ಎತ್ತಿಕೊಂಡರೆ ಕಥೆ ಮುಗಿಯಿತು.

ಊಹೆಯಲ್ಲಷ್ಟೇ ಇರುವ ಆಕ್ಸಿಯಾನ್ ಎಂಬ ಕಣದ ಹುಡುಕಾಟದಲ್ಲಿ ಇದು ಎದ್ದು ಕಾಣುತ್ತದೆ. ಸೂರ್ಯನಿಂದ ಬರಬಹುದಾದ ಆಕ್ಸಿಯಾನ್‌ಗಳನ್ನು ಎಕ್ಸ್‌ರೇ ಫೋಟಾನ್‌ಗಳಾಗಿ ಬದಲಿಸಿ ಹಿಡಿಯಲು ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಕಾಸ್ಟ್ ಪ್ರಯೋಗ ಅಲ್ಲಿನ ದೊಡ್ಡ ಕೊಲೈಡರ್ ಎಲ್‌ಎಚ್‌ಸಿಯ ಮಾದರಿ ಮ್ಯಾಗ್ನೆಟ್ ಒಂದನ್ನು ಬಳಸಿತು: ಕ್ಷೇತ್ರ ಬಿ 9 ಟೆಸ್ಲಾ, ಉದ್ದ ಎಲ್ 9.26 ಮೀಟರ್. ಬದಲಾಗುವ ಸಂಭಾವ್ಯತೆ (ಜಿ × ಬಿ × ಎಲ್ ÷ 2)². ಜೋಡಣೆಯ ಸ್ಥಿರಾಂಕ ಜಿ 10⁻¹⁰ ಜಿಇವಿ⁻¹ ಎಂದಿಟ್ಟುಕೊಳ್ಳಿ. ಹೆವಿಸೈಡ್-ಲೊರೆಂಟ್ಸ್‌ನಲ್ಲಿ ಬಿ = 1.76 × 10⁻¹⁵ ಜಿಇವಿ², ಎಲ್ = 4.69 × 10¹⁶ ಜಿಇವಿ⁻¹. ಘಾತಗಳನ್ನು ಕೂಡಿ: −1, +2, −1, ಒಟ್ಟು ಸೊನ್ನೆ, ಸಂಭಾವ್ಯತೆಗೆ ಒಪ್ಪುತ್ತದೆ. ಉತ್ತರ 1.7 × 10⁻¹⁷. ಈ ಸೂತ್ರಕ್ಕೆ ಗಾಸಿಯನ್‌ನ 692 ಹಾಕಿದರೂ ಘಾತಗಳು ಅಷ್ಟೇ ಚೆಂದವಾಗಿ ಸೊನ್ನೆಯಾಗುತ್ತವೆ, ಉತ್ತರ ಮಾತ್ರ 2.1 × 10⁻¹⁶. ಹನ್ನೆರಡೂವರೆ ಪಟ್ಟು ಹೆಚ್ಚು. ನಾನು ಸಂಶೋಧನೆಗೆ ಸೇರಿದ ಹೊಸತರಲ್ಲಿ ಇಂಥದೇ ಒಂದು ಲೆಕ್ಕದ ಮೇಲೆ ಎರಡು ದಿನ ಕಳೆದಿದ್ದೇನೆ. ಸಾಲುಸಾಲಾಗಿ ಆಯಾಮ ಪರೀಕ್ಷಿಸಿದೆ, ಎಲ್ಲವೂ ಸರಿಯಿತ್ತು.

ಅಂದಿನಿಂದ ಕೆಲವು ಸಂಖ್ಯೆಗಳನ್ನು ಮುಖಪರಿಚಯದ ಹಾಗೆ ನೆನಪಿಟ್ಟುಕೊಂಡಿದ್ದೇನೆ. ಎರಡು ಉತ್ತರಗಳ ನಡುವೆ 12.57 ಪಟ್ಟು ವ್ಯತ್ಯಾಸವಿದ್ದರೆ ಅದು 4 ಪೈ. 3.54 ಇದ್ದರೆ ಅದರ ವರ್ಗಮೂಲ. 6.28 ಇದ್ದರೆ ಯಾರೋ ಎಚ್‌ಬಾರ್ ಜಾಗದಲ್ಲಿ ಎಚ್ ಹಾಕಿದ್ದಾರೆ: ಎಲೆಕ್ಟ್ರಾನಿನ ಕಾಂಪ್ಟನ್ ತರಂಗದೂರವನ್ನು ಕೆಲವರು 2426 ಫರ್ಮಿ ಎಂದೂ ಕೆಲವರು 386 ಫರ್ಮಿ ಎಂದೂ ಬರೆಯುವುದು ಇದೇ ಕಾರಣಕ್ಕೆ. 5.01 ಇದ್ದರೆ 8 ಪೈನ ವರ್ಗಮೂಲ. ಪ್ಲಾಂಕ್ ದ್ರವ್ಯರಾಶಿ 1.22 × 10¹⁹ ಜಿಇವಿಯೋ, ಸಂಕ್ಷೇಪಿಸಿದ 2.43 × 10¹⁸ ಜಿಇವಿಯೋ ಎಂಬಲ್ಲಿ ಎಡವಿದ್ದು.

ಎರಡರಲ್ಲಿ ಯಾವುದನ್ನು ಆರಿಸಬೇಕು? ಕಣಭೌತಕ್ಕೆ ಹೆವಿಸೈಡ್-ಲೊರೆಂಟ್ಸ್. ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಇಂದಿನ ಪಠ್ಯಗಳು ಹೆಚ್ಚಾಗಿ ಅದರಲ್ಲೇ ಇವೆ. ಖಭೌತದ ಹಳೆಯ ಪ್ರಬಂಧಗಳ ಜೊತೆ ಕೆಲಸವಿದ್ದರೆ ಗಾಸಿಯನ್ ಓದಲು ಬರಬೇಕು. ಯಾವುದರಲ್ಲಿ ಬರೆದರೂ ಅಂತಿಮ ಸೂತ್ರದಲ್ಲಿ ಇ ಬದಲು ಆಲ್ಫಾ ಬರೆಯಿರಿ. ಆಲ್ಫಾ ಎಲ್ಲ ಪದ್ಧತಿಯಲ್ಲೂ 1/137.036.

ಉಳಿದ ಪದ್ಧತಿಗಳು

ಪರಮಾಣು, ಅಣುಗಳ ಲೆಕ್ಕಕ್ಕೆ ಹಾರ್ಟ್ರಿ ಏಕಮಾನ ಒಳ್ಳೆಯದು. ಅಲ್ಲಿ ಎಲೆಕ್ಟ್ರಾನಿನ ದ್ರವ್ಯರಾಶಿ, ಆವೇಶ, ಎಚ್‌ಬಾರ್ ಒಂದು, ಉದ್ದ 0.529 ಆಂಗ್‌ಸ್ಟ್ರಾಮ್, ಶಕ್ತಿ 27.2 ಇವಿ. ಆದರೆ ಸಿ ಒಂದಲ್ಲ, 137. ಕಣಭೌತದಿಂದ ಅತ್ತ ಹೋದವರು ಇದನ್ನು ಮರೆಯುತ್ತಾರೆ. ಕಪ್ಪುರಂಧ್ರದವರಿಗೆ ಗುರುತ್ವ ಸ್ಥಿರಾಂಕ ಮತ್ತು ಸಿ ಒಂದು. ಸೂರ್ಯನ ತೂಕ ಅವರಿಗೆ 1.477 ಕಿಲೋಮೀಟರ್.

1899ರಲ್ಲಿ ಪ್ಲಾಂಕ್ ಮುಂದಿಟ್ಟ ಏಕಮಾನಗಳ ಇಂದಿನ ರೂಪದಲ್ಲಿ ಎಚ್‌ಬಾರ್, ಸಿ, ಗುರುತ್ವ ಸ್ಥಿರಾಂಕ ಮೂರೂ ಒಂದು. ಇದೇ ಎಲ್ಲಕ್ಕಿಂತ ನೈಸರ್ಗಿಕ ಎಂದು ಹೊಸಬರಿಗೆ ಅನಿಸುತ್ತದೆ. ಕಣಭೌತದ ದಿನನಿತ್ಯದ ಲೆಕ್ಕಕ್ಕೆ ನಾನು ಇದನ್ನು ಬೇಡ ಎನ್ನುತ್ತೇನೆ. ಪ್ರೋಟಾನ್ ದ್ರವ್ಯರಾಶಿ 10⁻¹⁹ ಆಗುವುದು ಒಂದು ತೊಡಕು. ನಿಜವಾದ ತೊಂದರೆ ಬೇರೆ. ಎಸ್‌ಐನಲ್ಲಿ ಸಮೀಕರಣದ ಎರಡು ಬದಿ ದ್ರವ್ಯರಾಶಿಗೂ ಉದ್ದಕ್ಕೂ ಕಾಲಕ್ಕೂ ಬೇರೆಬೇರೆಯಾಗಿ ಹೊಂದಬೇಕು, ಅಂದರೆ ಮೂರು ಕಾವಲು. ಜಿಇವಿಯ ನೈಸರ್ಗಿಕ ಏಕಮಾನದಲ್ಲಿ ಒಂದೇ ಕಾವಲು, ಶಕ್ತಿಯ ಘಾತ. ಶಕ್ತಿಯ ವರ್ಗ = ಸಂವೇಗದ ವರ್ಗ + ದ್ರವ್ಯರಾಶಿ ಎಂದು ಕೈತಪ್ಪಿ ಬರೆದರೆ ಆ ಒಂದು ಕಾವಲು ಹಿಡಿದುಬಿಡುತ್ತದೆ. ಪ್ಲಾಂಕ್ ಏಕಮಾನದಲ್ಲಿ ಎಲ್ಲವೂ ಬರೀ ಸಂಖ್ಯೆ, ಹಿಡಿಯುವವರೇ ಇಲ್ಲ. ಕ್ವಾಂಟಂ ಗುರುತ್ವದ ಪ್ರಶ್ನೆಗಳಿಗೆ ಅದು ಇರಲಿ.

ಯಂತ್ರ ಕಟ್ಟುವ ಜಾಗದಲ್ಲಿ ಬೆರಕೆ ಏಕಮಾನವೇ ಸರಿ. ಮ್ಯಾಗ್ನೆಟ್ ತಯಾರಿಸುವವರಿಗೆ ಟೆಸ್ಲಾ ಬೇಕು, ಸುರಂಗ ಕೊರೆಯುವವರಿಗೆ ಮೀಟರ್. ಕಾಂತಕ್ಷೇತ್ರದಲ್ಲಿ ಬಾಗುವ ಕಣದ ಸಂವೇಗ (ಜಿಇವಿ) = 0.3 × ಕ್ಷೇತ್ರ (ಟೆಸ್ಲಾ) × ತ್ರಿಜ್ಯ (ಮೀಟರ್). ಆ 0.3 ಬೇರೇನೂ ಅಲ್ಲ, 0.299792458, ಬೆಳಕಿನ ವೇಗವೇ. ಎಲ್‌ಎಚ್‌ಸಿಯ ವಿನ್ಯಾಸ ಕ್ಷೇತ್ರ 8.33 ಟೆಸ್ಲಾ, ಬಾಗಿಸುವ ತ್ರಿಜ್ಯ 2804 ಮೀಟರ್. ಗುಣಿಸಿ ನೋಡಿ, 7000 ಜಿಇವಿ. ಪ್ರತಿ ಕಿರಣಕ್ಕೆ 7 ಟಿಇವಿ ಎಂಬ ವಿನ್ಯಾಸದ ಗುರಿ ಈ ಒಂದೇ ಸಾಲಿನಿಂದ ಹೊರಬರುತ್ತದೆ.

ವಿಶ್ವದ ಆರಂಭದ ಲೆಕ್ಕಕ್ಕೆ ಬೋಲ್ಟ್ಸ್‌ಮನ್ ಸ್ಥಿರಾಂಕವನ್ನೂ ಒಂದು ಮಾಡಿ. 1 ಇವಿ = 11604.5 ಕೆಲ್ವಿನ್. ಕೋಣೆಯ ಉಷ್ಣತೆ ಒಂದು ಇವಿಯ ನಲವತ್ತರಲ್ಲೊಂದು ಭಾಗ.

ಗಣಿಯೊಳಗಿನ ಎರಡು ಲೆಕ್ಕ

ಕೋಲಾರ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು (ಆವೇಶವಿಲ್ಲದ, ವಸ್ತುವಿಗೆ ಬಹಳ ಅಪರೂಪಕ್ಕೆ ತಾಗುವ ಕಣಗಳು) ಗುರುತಿಸಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ಸೇರಿ ಮಾಡಿದ ಕೆಲಸ ಅದು. ವಾತಾವರಣದ ನ್ಯೂಟ್ರಿನೊಗಳು ದಾರಿಯಲ್ಲಿ ಬಗೆ ಬದಲಿಸುತ್ತವೆ ಎಂದು ಮುಂದೆ ಗೊತ್ತಾಯಿತು. ಆ ಬದಲಾವಣೆಯ ಸೂತ್ರದೊಳಗೆ 1.27 ಎಂಬ ಸಂಖ್ಯೆ ಕೂತಿದೆ. ಅದೇನೋ ನಿಸರ್ಗದ ಸ್ಥಿರಾಂಕ ಎಂದು ತಿಳಿದು ಉರುಹೊಡೆಯುವವರನ್ನು ಕಂಡಿದ್ದೇನೆ.

ಅದು ಪರಿವರ್ತನೆಯ ಗುಣಕ, ಅಷ್ಟೇ. ನೈಸರ್ಗಿಕ ಏಕಮಾನದಲ್ಲಿ ಆ ರಾಶಿ ದ್ರವ್ಯರಾಶಿ ವರ್ಗಗಳ ವ್ಯತ್ಯಾಸ × ದೂರ ÷ (4 × ಶಕ್ತಿ). ದ್ರವ್ಯರಾಶಿಯನ್ನು ಇವಿಯಲ್ಲಿ, ದೂರವನ್ನು ಕಿಲೋಮೀಟರಿನಲ್ಲಿ, ಶಕ್ತಿಯನ್ನು ಜಿಇವಿಯಲ್ಲಿ ಹಾಕುವುದು ಪ್ರಯೋಗದವರಿಗೆ ಅನುಕೂಲ. ಒಂದು ಕಿಲೋಮೀಟರ್ 10¹⁸ ಫರ್ಮಿ, 0.19733 ರಿಂದ ಭಾಗಿಸಿದರೆ 5.068 × 10¹⁸ ಜಿಇವಿ⁻¹. ಒಂದು ಇವಿ² ಅಂದರೆ 10⁻¹⁸ ಜಿಇವಿ². ಎರಡೂ ಘಾತಗಳು ಹೊಡೆದುಹೋಗಿ 5.068 ಉಳಿಯುತ್ತದೆ, ನಾಲ್ಕರಿಂದ ಭಾಗಿಸಿ: 1.267. ವ್ಯತ್ಯಾಸ 2.5 × 10⁻³ ಇವಿ² ಎಂದು ಹಾಕಿದರೆ, ಪ್ರತಿ ಜಿಇವಿಗೆ ಸುಮಾರು 496 ಕಿಲೋಮೀಟರಿನಲ್ಲಿ ಬದಲಾವಣೆ ಮೊದಲ ಸಲ ಗರಿಷ್ಠವಾಗುತ್ತದೆ. ಜಪಾನಿನ ಟೊಕಾಯ್‌ನಿಂದ ಕಮಿಯೊಕಾಕ್ಕೆ ನ್ಯೂಟ್ರಿನೊ ಕಿರಣ ಸಾಗುವ ದೂರ 295 ಕಿಲೋಮೀಟರ್. ಅಲ್ಲಿನ ಕಿರಣದ ಶಕ್ತಿಯನ್ನು 0.6 ಜಿಇವಿಯ ಆಸುಪಾಸಿನಲ್ಲಿ ಇಟ್ಟದ್ದು ಏಕೆಂದು ಈಗ ನೀವೇ ಗುಣಿಸಿ ನೋಡಬಹುದು.

1980ರ ದಶಕದಲ್ಲಿ ಅದೇ ಗಣಿಯಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದು ಕಾದು ನೋಡಿದರು. ವಿದ್ಯುತ್ಕಾಂತೀಯ, ದುರ್ಬಲ, ಪ್ರಬಲ ಬಲಗಳನ್ನು ಒಂದಾಗಿಸುವ ಮಹಾ ಏಕೀಕರಣ ಸಿದ್ಧಾಂತಗಳ ಪ್ರಕಾರ ಎಕ್ಸ್ ಎಂಬ ಬಹಳ ಭಾರದ ಕಣದ ಮೂಲಕ ಈ ಕ್ಷಯ ಆಗಬೇಕು. ಆಯಸ್ಸು ಎಕ್ಸ್ ದ್ರವ್ಯರಾಶಿಯ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. ಆಯಸ್ಸು ಅಂದರೆ −1. +4 ರಿಂದ −1 ಕ್ಕೆ ಇಳಿಯಲು ಕೆಳಗೆ ಪ್ರೋಟಾನ್ ದ್ರವ್ಯರಾಶಿಯ ಐದನೇ ಘಾತ ಬರಲೇಬೇಕು, ಮ್ಯೂಯಾನ್‌ನಲ್ಲಿ ಬಂದ ಹಾಗೆಯೇ. ಜೊತೆಗೆ ಜೋಡಣೆಯ ಬಲದ ವರ್ಗ, ಸುಮಾರು 1/1600. ಎಕ್ಸ್ 10¹⁵ ಜಿಇವಿ ಎಂದಿಟ್ಟರೆ ಆಯಸ್ಸು 2.2 × 10⁶³ ಜಿಇವಿ⁻¹. ಎಚ್‌ಬಾರ್‌ನಿಂದ ಗುಣಿಸಿದರೆ 1.4 × 10³⁹ ಸೆಕೆಂಡ್, ಅಂದರೆ ಸುಮಾರು 4.6 × 10³¹ ವರ್ಷ. ಪಾಸಿಟ್ರಾನ್ ಮತ್ತು ತಟಸ್ಥ ಪಯಾನ್ ಆಗಿ ಪ್ರೋಟಾನ್ ಒಡೆಯುವ ಬಗೆಗೆ ಜಪಾನಿನ ಸೂಪರ್ ಕಮಿಯೊಕಾಂಡೆ ಪ್ರಯೋಗ 2020ರಲ್ಲಿ ಕೊಟ್ಟ ಕನಿಷ್ಠ ಮಿತಿ 2.4 × 10³⁴ ವರ್ಷ, ನಮ್ಮ ಅಂದಾಜಿನ ಸುಮಾರು 500 ಪಟ್ಟು. ನಾಲ್ಕನೇ ಘಾತ ಇರುವುದರಿಂದ ಅಷ್ಟು ದೂರ ಹೋಗಲು ಎಕ್ಸ್ ಐದು ಪಟ್ಟು ಭಾರವಾಗಬೇಕಾಗಿಯೂ ಇಲ್ಲ: 4.8 × 10¹⁵ ಜಿಇವಿ ಸಾಕು.